ಎಡಕ್ಕೆ ವಾಲಿದ ಹೊಲಿಗೆ

ಕೊಟ್ರಮ್ಮ ಬಂದದ್ದು ಒಂದು ಸುಳ್ಳು ಹೇಳಲು ಅಪ್ಪಣೆ ಕೇಳುವುದಕ್ಕೆ. ಆದರೆ ಬಂದವಳೇ ಆ ಮಾತು ಎತ್ತಲಿಲ್ಲ. ಅಂಬೂಬಾಯಿಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತು, ಸೆರಗಿನಿಂದ ಗಾಳಿ ಬೀಸಿಕೊಂಡು, ಆದವಾನಿಯ ಬಿಸಿಲನ್ನು ಬೈದಳು. ಓಣಿಯ ಕೊನೆಯ ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದು ಕೂದಲಿಗೆ ಅಂಟಿದ್ದ ಹತ್ತಿಯ ಎಳೆಯನ್ನು ಕಿತ್ತು ಊದಿದಳು. ಆಮೇಲೆ ಹೇಳಿದಳು:

“ಸೋಮವಾರ ಮದ್ದಿಕೇರದವರು ನಮ್ಮ ಸರ್ವಮಂಗಳಾನ್ನ ನೋಡಾಕ ಬರಾಕತ್ಯಾರ್ರಿ ಬಾಯಾರ.”

“ಭಾಳ ಛಲೋ ಆತು. ಹುಡುಗ ಏನ್ ಮಾಡ್ತಾನ?”

“ಹೊಲ ಐತಿ, ಗೊಬ್ಬರದ ಅಂಗಡಿ ಐತಿ. ಹುಡುಗ ಬಂಗಾರ. ಆದ್ರ ಅವನ ಸೋದರತ್ತಿ ಲಿಂಗಕ್ಕ ಅಂತ ಒಬ್ಬಾಕಿ ಅದಾಳ. ಆಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ಹ್ವಾದ ವರ್ಸ ದೇವನಕೊಂಡದ ಹುಡುಗೀನ್ನ ಕೈಕೆಲಸ ಬರಂಗಿಲ್ಲ ಅಂತ ಬಿಟ್ಟು ಎದ್ದು ಬಂದ್ಳಂತ.” ಕೊಟ್ರಮ್ಮ ದನಿ ತಗ್ಗಿಸಿದಳು. “ನಮ್ಮದು ನಿಮಗ ಗೊತ್ತೈತಲ್ರಿ. ಇಷ್ಟು ದಿನ ನಿಮ್ಮತ್ರ ಕಲತರೂ ಅದರ ಹೊಲಿಗಿ ಕೋಳಿ ಕೆದರಿದಂಗ ಐತಿ.”

ಕಿಟಕಿಯ ಕೆಳಗೆ ಹುಡುಗಿಯರ ನಡುವೆ ಕುಳಿತಿದ್ದ ಸರ್ವಮಂಗಳ ತಲೆ ಎತ್ತಲಿಲ್ಲ. ಬಲಗೈಯಲ್ಲಿದ್ದ ಸೂಜಿ ಮಾತ್ರ ಬಟ್ಟೆಯ ಮೇಲೆ ನಿಂತಿತು.

“ಅದಕ್ಕ, ನಮ್ಮ ಫ್ರಿಜ್ಜಿನ ಬಾಗಲಾ ಮ್ಯಾಲ ನೀವು ಹಾಕಿಕೊಟ್ಟ ಕಸೂತಿ ಚಿತ್ರ ಅದಾವಲ್ರಿ, ಅವನ್ನ ನಮ್ಮ ಹುಡುಗೀನ ಮಾಡ್ಯಾಳಂತ ಹೇಳ್ಳೇನ್ರಿ? ನಿಮ್ಮ ಕೈಕೆಲಸ ನಮ್ಮದು ಅನ್ನೂದು ತಪ್ಪು. ಕೇಳದ ಹೇಳಬಾರ್ದು ಅಂತ ಬಂದೆ.”

ಅಂಬೂಬಾಯಿ ಕೈಯಲ್ಲಿದ್ದ ದಾರದ ಲಡಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಅದನ್ನು ಕೊಟ್ರಮ್ಮ ಹಿಂಜರಿಕೆ ಎಂದು ತಿಳಿದು, “ಒಂದ ದಿನದ ಮಟ್ಟಿಗೆ ಅಷ್ಟ” ಎಂದು ಅಂಗಲಾಚಿದಳು.

“ಹೇಳಿಕೋರಿ. ಅದಕ್ಕೇನಂತ” ಎಂದಳು ಅಂಬೂಬಾಯಿ.

“ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಎಲ್ಲಾರಿಗೂ ಇಂಥ ಮನಸು ಇರಂಗಿಲ್ಲ ನೋಡ್ರಿ. ಸೋಮವಾರ ನೀವೂ ಬರಬೇಕು, ಹುಡುಗಿಗೆ ಕಲಿಸಿದಾಕಿ ಅಂತ ಜೊತಿಗಿ ಕೂಡಬೇಕು.” ಕೊಟ್ರಮ್ಮ ಎರಡೂ ಕೈ ಜೋಡಿಸಿದಳು. ಅಂಬೂಬಾಯಿ ಎಂದಿನಂತೆ, ಉಪಕಾರ ಮಾಡಿದವರು ಆಡಿಸುವ ಹಾಗೆ ತಲೆ ಆಡಿಸಿದಳು. ಹಾಗೆ ಆಡಿಸಿದ್ದು ಅವಳಿಗೇ ತಿಳಿದದ್ದು ತಡವಾಗಿ. ತಿಳಿದ ಮೇಲೆ ಕಿಟಕಿಯ ಕಡೆ ನೋಡಲು ಆಗಲಿಲ್ಲ.

ಏಕೆಂದರೆ ಕೊಟ್ರಮ್ಮ ಕೇಳಿದ ಸುಳ್ಳು, ಸುಳ್ಳಾಗಿರಲಿಲ್ಲ. ಆ ಫ್ರಿಜ್ಜಿನ ಮೇಲಿದ್ದುದೆಲ್ಲ ಸರ್ವಮಂಗಳ ಹಾಕಿದ್ದೇ.

ಅಂಬೂಬಾಯಿಯ ಗಂಡ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮಕ್ಕಳಿಲ್ಲದ ಮನೆ. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹುಡುಗಿಯರು ಚೌಕುಳಿ ಮನೆಗಳ ಮ್ಯಾಟಿ ಬಟ್ಟೆ, ಬಣ್ಣದ ದಾರದ ಲಡಿಗಳನ್ನು ಹಿಡಿದು ಅವಳ ಪಡಸಾಲೆಗೆ ಬರುತ್ತಿದ್ದರು. ಬ್ರಾಹ್ಮಣರು, ಲಿಂಗಾಯತರು ಎಂದಿಲ್ಲದೆ ಎಲ್ಲರಿಗೂ ಅವಳು ‘ಅಕ್ಕಾರು’. ಕ್ರಾಸ್ ಸ್ಟಿಚ್ ಎಂದರೆ ನೋಡುವುದಕ್ಕೆ ಸುಲಭ: ಬಟ್ಟೆಯ ಮನೆಗಳನ್ನು ಎಣಿಸಿ ಒಂದು ಓರೆ ಗೆರೆ, ಅದರ ಮೇಲೊಂದು ಅಡ್ಡ ಓರೆ ಗೆರೆ. ಆದರೆ ಮೇಲಿನ ಗೆರೆಗಳೆಲ್ಲ ಒಂದೇ ಕಡೆಗೆ ವಾಲಬೇಕು. ಅಂಬೂಬಾಯಿಯ ಪಡಸಾಲೆಯಲ್ಲಿ ಅವು ಬಲಕ್ಕೆ ವಾಲುತ್ತಿದ್ದವು. ಒಂದು ತಪ್ಪಿದರೂ ಅವಳು ಕತ್ತರಿಯ ತುದಿಯಿಂದ ಬಿಚ್ಚಿಸುತ್ತಿದ್ದಳು.

ಸರ್ವಮಂಗಳ ಬಂದ ಮೊದಲ ದಿನ ಸೂಜಿಯನ್ನು ಎಡಗೈಯಲ್ಲಿ ಹಿಡಿದಳು. ಅಂಬೂಬಾಯಿ ಕೈಯ ಮೇಲೆ ಪಟ್ಟನೆ ಹೊಡೆದು ಸೂಜಿಯನ್ನು ಬಲಗೈಗೆ ದಾಟಿಸಿದಳು. “ತುಳಸಿಕಟ್ಟಿ ಹೊಲಿಯೋದು ಎಡಗೈಲೇನ? ನಗ್ತಾರ ನೋಡಿದವರು.” ಉಳಿದ ಹುಡುಗಿಯರು ನಕ್ಕರು. ಸಣ್ಣವಳಿದ್ದಾಗ ಕೊಟ್ರಮ್ಮ ಅವಳ ಎಡಗೈಗೆ ಬಟ್ಟೆ ಸುತ್ತಿ ಕೂರಿಸುತ್ತಿದ್ದಳಂತೆ. ಹಾಗೆ ಮಾಡಿ ಚಟ ಬಿಡಿಸಿದೆನೆಂದೇ ಅವಳ ನಂಬಿಕೆ. ಊಟಕ್ಕೆ, ಬರಹಕ್ಕೆ, ಬಡಿಸುವುದಕ್ಕೆ ಅದು ಬಿಟ್ಟೂ ಇತ್ತು. ಸೂಜಿಗೆ ಮಾತ್ರ ಬಿಟ್ಟಿರಲಿಲ್ಲ. ಬಲಗೈಯಲ್ಲಿ ಹುಡುಗಿಯ ಹೊಲಿಗೆ ನಿಜವಾಗಿಯೂ ಕೋಳಿ ಕೆದರಿದ ಹಾಗೆಯೇ ಇತ್ತು.

ಈ ನಡುವೆ ಅಂಬೂಬಾಯಿಯ ಕಣ್ಣು ಮಂಜಾಗತೊಡಗಿತು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ ಮ್ಯಾಟಿಯ ಮನೆಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಕನ್ನಡಕ ಹಾಕಿಸಿಕೊಂಡರೆ ಹುಡುಗಿಯರಿಗೆ ತಿಳಿಯುತ್ತದೆಂದು ಅವಳು ಗಂಡನಿಗೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಹತ್ತಿ ದಲ್ಲಾಳಿ ಸೋಮಶೇಖರಪ್ಪ, ಕೊಟ್ರಮ್ಮನ ಗಂಡ, ಬಳ್ಳಾರಿಯಿಂದ ಲಾರಿಯಲ್ಲಿ ಫ್ರಿಜ್ ತರಿಸಿದ. ಓಣಿಗೆ ಅದೇ ಮೊದಲನೆಯದು. ಅಡುಗೆಮನೆಯಲ್ಲಿಟ್ಟರೆ ಯಾರು ನೋಡಬೇಕು ಎಂದು ಪಡಸಾಲೆಯಲ್ಲೇ ನಿಲ್ಲಿಸಿ, ವಿಭೂತಿ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದು ಪೂಜೆ ಇಟ್ಟುಕೊಂಡರು. ಪೂಜೆಗೆ ಬರಿಗೈಲಿ ಹೋಗುವುದು ಹೇಗೆ? ಫ್ರಿಜ್ಜಿನ ಬಾಗಿಲಿಗೆ ಚಿತ್ರ ಅಂಟಿಸುವ ಸಂಗತಿಯನ್ನು ಅಂಬೂಬಾಯಿ ಒಂದು ವಾರಪತ್ರಿಕೆಯಲ್ಲಿ ನೋಡಿದ್ದಳು. ರಿಪೇರಿ ಅಂಗಡಿಯಿಂದ ಗಂಡನ ಕೈಯಲ್ಲಿ ಹಳೆಯ ಫ್ರಿಜ್ಜಿನ ಬಾಗಿಲ ಸುತ್ತಿನ ರಬ್ಬರ್ ತರಿಸಿದಳು. ಅದನ್ನು ಸೀಳಿದರೆ ಒಳಗೆ ಕಬ್ಬಿಣ ಕಚ್ಚುವ ಕಪ್ಪು ಪಟ್ಟಿ. ಅದನ್ನು ತುಂಡು ಮಾಡಿ, ರಟ್ಟಿನ ಮೇಲೆ ಕಸೂತಿಯ ತುಣುಕು ಎಳೆದು ಕಟ್ಟಿ, ಸೈಕಲ್ ಟ್ಯೂಬಿಗೆ ಹಚ್ಚುವ ಸಲೂಷನ್ನಿನಿಂದ ಅಂಟಿಸಿದರಾಯಿತು.

ಆದರೆ ತುಣುಕು ಇಷ್ಟೇ ಇಷ್ಟು. ಅಷ್ಟು ಸಣ್ಣದರಲ್ಲಿ ಗಿಳಿ ಹಾಕಲು ಹೋಗಿ ಅವಳು ಕೊಕ್ಕನ್ನು ಬಾಲದ ಕಡೆ ಹಾಕಿದಳು. ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಕೆಟ್ಟಿತು. ಅಂದು ಎಲ್ಲರಿಗಿಂತ ಮುಂಚೆ ಬಂದಿದ್ದ ಸರ್ವಮಂಗಳ ಸುಮ್ಮನೆ ನಿಂತು ನೋಡಿ, “ಕೊಡ್ರಿ ಅಕ್ಕಾರ” ಎಂದು ಬಟ್ಟೆ ತೆಗೆದುಕೊಂಡು ಎಡಗೈಯಲ್ಲಿ ಸೂಜಿ ಹಿಡಿದಳು. ಅಂಬೂಬಾಯಿ ಹೊಡೆಯಲಿಲ್ಲ. ಗಿಳಿ ಮೂಡಿತು. ಅದರ ಕಣ್ಣಿಗೆ ಒಂದೇ ಒಂದು ಕರಿ ಗಂಟು, ಅಷ್ಟಕ್ಕೇ ಅದು ಕತ್ತು ತಿರುಗಿಸಿ ನೋಡುವ ಹಾಗಿತ್ತು. ಹಿಂಬದಿಯಲ್ಲಿ ಒಂದು ದಾರವೂ ಜೋತಿರಲಿಲ್ಲ. ಮೇಲಿನ ಗೆರೆಗಳೆಲ್ಲ ಎಡಕ್ಕೆ ವಾಲಿದ್ದವು.

ಆಮೇಲೆ ತುಳಸಿಕಟ್ಟೆ ಬಂತು, ಕಳಸ ಬಂತು. ಕೊನೆಯದು ಯಾವ ಪುಸ್ತಕದಲ್ಲೂ ಇಲ್ಲದ್ದು: ಬಾಯಿಬಿಟ್ಟ ಹತ್ತಿಕಾಯಿ, ಒಳಗಿನ ಬಿಳುಪು ಇನ್ನೇನು ಹೊರಗೆ ಸುರಿಯಬೇಕು. ಅಂಟಿಸುವ ಕೆಲಸ ಮಾತ್ರ ಅಂಬೂಬಾಯಿಯದು.

“ಯಾರಿಗೂ ಹೇಳಬ್ಯಾಡ” ಎಂದು ಅವಳೇ ಹೇಳಿದ್ದಳು. “ಎಡಗೈ ಅಂತ ಗೊತ್ತಾದ್ರ ನಿಮ್ಮವ್ವ ಬೈತಾಳ.” ಹುಡುಗಿಗೋಸ್ಕರ ಹೇಳುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ಅವಳಿಗೆ ನಿಜವಾಗಿಯೂ ಅನ್ನಿಸಿತ್ತು.

ಪೂಜೆಯ ದಿನ ಹೆಂಗಸರು ಫ್ರಿಜ್ಜಿಗಿಂತ ಹೆಚ್ಚಾಗಿ ಅದರ ಬಾಗಿಲನ್ನೇ ನೋಡಿದರು. “ಯಾರು ಹಾಕಿದ್ದು? ಬಾಯಾರೇನು?” ಎಂದು ಯಾರೋ ಕೇಳಿದರು. ಅಂಬೂಬಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಕ್ಕಳು. ಆ ನಗೆಯೇ ಸಾಕಾಯಿತು. ಕೊಟ್ರಮ್ಮ ರೇಷ್ಮೆ ಕುಪ್ಪಸದ ಕಣ ಕೊಟ್ಟು ಕುಂಕುಮ ಹಚ್ಚಿದಳು. ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಸರ್ವಮಂಗಳ.

ಸೋಮವಾರ ಅಂಬೂಬಾಯಿ ಹೋಗದೆ ಇರಬಹುದಿತ್ತು. ತಲೆನೋವೆಂದರೆ ಆಗುತ್ತಿತ್ತು. ಹೋದಳು. ಹೋಗದಿದ್ದರೆ ಏನೋ ಆಗಿಬಿಡಬಹುದು, ಹೋದರೆ ತಡೆಯಬಹುದು ಎಂಬ ಅರ್ಥವಿಲ್ಲದ ಧೈರ್ಯ.

ಹುಡುಗ ತಲೆತಗ್ಗಿಸಿ ಕುಳಿತಿದ್ದ. ಅವನ ತಂದೆ ಸೋಮಶೇಖರಪ್ಪನ ಜೊತೆ ಹತ್ತಿಯ ಧಾರಣೆ ಮಾತಾಡುತ್ತಿದ್ದ. ಲಿಂಗಕ್ಕ ಎಂದರೆ ಗಂಟುಮುಖದವಳಿರಬೇಕೆಂದು ಅಂಬೂಬಾಯಿ ಎಣಿಸಿದ್ದಳು. ಬಂದವಳು ದೊಡ್ಡ ಮೂಗುಬಟ್ಟಿನ, ಎಲೆ ಅಡಿಕೆಯ ಕೆಂಪು ಬಾಯಿಯ, ನಗುತ್ತ ಮಾತಾಡುವ ಹೆಂಗಸು. ಮಾತಿನ ನಡುವೆ ತೆಲುಗಿಗೆ ಜಾರಿ ಮತ್ತೆ ಕನ್ನಡಕ್ಕೆ ಏರುತ್ತಿದ್ದಳು.

“ಚಲ್ಲಗಾ ಒಂದ್ ಲೋಟ ನೀಳ್ಳು ಇಯ್ಯಮ್ಮಾ” ಎಂದಳು ಸರ್ವಮಂಗಳಳಿಗೆ. “ನಿಮ್ಮ ಫ್ರಿಜ್ಜಿನ ನೀರು ಕುಡಿಯಾಕಂತನ ಬಂದೀನಿ ನಾನು. ಹುಡುಗೀನ್ನ ಆಮ್ಯಾಲ ನೋಡ್ತೀನಿ.”

ಎಲ್ಲರೂ ನಕ್ಕರು. ಹುಡುಗಿ ಲೋಟ ತಂದಳು, ಬಲಗೈಯಲ್ಲಿ. ಲಿಂಗಕ್ಕ ಕುಡಿದು, ಹಲ್ಲು ಜುಮ್ಮೆಂದು ಮುಖ ಕಿವಿಚಿ, ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ಹತ್ತಿಕಾಯಿಯನ್ನು ಬಾಗಿಲಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡಳು.

“ಅಬ್ಬಬ್ಬಾ! ಬಿಡಿಸ್ಕೊಂಡು ಬುಟ್ಟಿಗೆ ಹಾಕಬೇಕು ಅನ್ನಂಗೈತಿ. ಯಾರು ಮಾಡಿದ್ದು?”

“ನಮ್ಮ ಸರ್ವಮಂಗಳಾನ್ರಿ” ಎಂದಳು ಕೊಟ್ರಮ್ಮ, ಅಂಬೂಬಾಯಿಯ ಕಡೆ ಕಳ್ಳನೋಟ ಬೀರಿ. “ಬಾಯಾರ ಕಲಿಸ್ಯಾರ. ಇನ್ನೂ ಹಾಕಾಕತ್ಯಾಳ ನೋಡ್ರಿ.” ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕಸೂತಿಯ ಮರದ ಬಳೆಗೆ ಬಿಗಿದ ಮ್ಯಾಟಿ ಬಟ್ಟೆ, ಸೂಜಿ, ಹಸಿರು ದಾರ ಇಟ್ಟಿದ್ದಳು.

ಲಿಂಗಕ್ಕ ಉಗುರಿನಿಂದ ಹತ್ತಿಕಾಯಿಯ ಮೇಲೆ ಗೀರಿ ನೋಡಿದಳು. “ನಮ್ಮ ಕಡಿ ಎತ್ತಿನ ಮೈಮ್ಯಾಲ ಹೊಚ್ಚೂ ಜೂಲಿಗಿ ಇದ ಹೊಲಿಗಿ ಹಾಕ್ತೀವಿ. ನಾನೂ ಹಾಕೀನಿ. ಆದ್ರ ಇದರ ಎಳಿ ಎಡಕ್ಕ ಬಿದ್ದೈತಲ್ಲ. ಇದು ಎಡಗೈ ಹೊಲಿಗಿ.” ಅವಳು ಸುಮ್ಮನೆ, ಗೊತ್ತಿದ್ದದ್ದನ್ನು ಹೇಳುವಂತೆ ಹೇಳಿದಳು. “ಹುಡುಗಿ ಎಡಚೇನು?”

ಕೊಟ್ರಮ್ಮ ಎರಡೂ ಕೈ ಅಡ್ಡ ಆಡಿಸಿದಳು. “ಅಯ್ಯ ಶಿವನ! ಇಲ್ಲಬೇ ಯಕ್ಕ! ಲೋಟ ಕೊಟ್ಟಿದ್ದು ನೀವ ನೋಡಿದ್ರಲ್ಲ? ನಿಜಾ ಹೇಳಿಬಿಡ್ತೀನಿ, ತಪ್ಪು ತಿಳಕಬ್ಯಾಡ್ರಿ. ಇವು ಬಾಯಾರು ಮಾಡಿದ್ದು. ಒಂದ್ ಮಾತು ಹುಡುಗೀದು ಅಂತ ಹೇಳೂಣಂತ ನಾನ ಕೇಳ್ಕೊಂಡಿದ್ದೆ.”

ಲಿಂಗಕ್ಕ ಹೊಟ್ಟೆ ಹಿಡಿದು ನಕ್ಕಳು. “ಸಾಕ್ ಬಿಡವ್ವ. ನನ್ನ ಲಗ್ನದಾಗ ನಮ್ಮವ್ವ ಓಣ್ಯಾಗಿನ ಜೂಲೆಲ್ಲ ತಂದು ನಮ್ಮ ಮಗಳು ಹಾಕಿದ್ದಂತ ಹೊಚ್ಚಿದ್ಳು. ನಮ್ಮನ್ಯಾಗ ಒಂದ ಎತ್ತಿತ್ತು!” ಆಮೇಲೆ ಅಂಬೂಬಾಯಿಯ ಕಡೆ ತಿರುಗಿದಳು. “ಹಂಗಾದ್ರ ಎಡಚೇರು ನೀವೇನ್ರಿ ಬಾಯಾರ?”

ಎಲ್ಲರೂ ನೋಡಿದರು. ಅಂಬೂಬಾಯಿಯ ಬಲಗೈ ಮಡಿಲಿನಲ್ಲಿ, ಕೊಟ್ರಮ್ಮ ಕೊಟ್ಟಿದ್ದ ಬಾಳೆಹಣ್ಣಿನ ಮೇಲಿತ್ತು. ‘ಅಲ್ಲ’ ಎಂದರೆ ಹುಡುಗಿಯ ಎಡಗೈ ಬಯಲಾಗುತ್ತದೆ, ಸಂಬಂಧ ಮುರಿಯುತ್ತದೆ ಎಂದುಕೊಂಡಳು. ಹಾಗೆಂದುಕೊಂಡದ್ದೇ ಒಂದು ದೊಡ್ಡ ಆಸರೆ ಸಿಕ್ಕ ಹಾಗಾಯಿತು. ಹುಡುಗಿಯನ್ನು ಕಾಪಾಡುವುದಕ್ಕೆ ಅಲ್ಲವೇ.

“ಹೌದು” ಎಂದಳು.

“ಹಂಗಾದ್ರ ಬರ್ರಿ, ಒಂದ್ ಸಾಲು ಹಾಕಿ ತೋರಸ್ರಿ. ಎಡಗೈಲೆ ಹ್ಯಾಂಗ ಹಾಕ್ತಾರಂತ ನನಗೂ ನೋಡೂ ಆಸಿ ಐತಿ.” ಆ ಮಾತಿನಲ್ಲಿ ಕುಹಕವಿರಲಿಲ್ಲ. ಲಿಂಗಕ್ಕ ತಾನೇ ಸ್ಟೂಲಿನಿಂದ ಬಟ್ಟೆ, ಸೂಜಿ, ದಾರ ಎತ್ತಿ ತಂದು ಅವಳ ಕೈಗೆ ಕೊಟ್ಟಳು.

ಅಂಬೂಬಾಯಿ ಎಡಗೈಯಲ್ಲಿ ಸೂಜಿ ಹಿಡಿದಳು. ತನ್ನದೇ ಕೈ, ಆದರೆ ಬೇರೆ ಯಾರದೋ ಎಂಬಂತೆ ಒರಟಾಗಿತ್ತು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ತಂದಳು. ಕಣ್ಣು ಎಲ್ಲಿದೆ? ದಾರ ಸೂಜಿಯ ಪಕ್ಕದಲ್ಲಿ ಹಾಯಿತು. ಮತ್ತೆ ತಂದಳು. ಮತ್ತೆ ತಪ್ಪಿತು. ಈ ಹುಡುಗಿಯ ಕೈಯ ಮೇಲೆ ಹೊಡೆದದ್ದು ನೆನಪಾಯಿತು. ಎಡಗೈಯಲ್ಲಿ ಸೂಜಿ ಹಿಡಿದವರನ್ನು ನೋಡಿದವರು ನಗುತ್ತಾರೆ ಎಂದದ್ದೂ. ಈಗ ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಫ್ರಿಜ್ಜು ಗುಡುಗುಡು ಎಂದು ಮೈ ಅಲುಗಿಸಿ ಗುಂಯ್‌ಗುಡತೊಡಗಿತು.

ಸರ್ವಮಂಗಳ ಖಾಲಿ ಲೋಟವನ್ನು ಕೆಳಗಿಟ್ಟಳು. ಬಂದು, ಬಗ್ಗಿ, “ಕೊಡ್ರಿ ಅಕ್ಕಾರ” ಎಂದಳು. ಗಿಳಿ ಹಾಕಿದ ದಿನ ಹೇಳಿದ ಹಾಗೆಯೇ. ನೆಲದ ಮೇಲೆ ಕುಳಿತು ದಾರ ಪೋಣಿಸಿ, ಎಡಗೈಯಲ್ಲಿ ಒಂದು ಸಾಲು ಹಾಕಿದಳು. ಅವಸರವಿಲ್ಲದೆ, ತಪ್ಪಿಲ್ಲದೆ. ಹಾಕಿ, ಬಟ್ಟೆಯನ್ನು ತಿರುವಿ ಹಿಂಬದಿಯನ್ನೂ ಲಿಂಗಕ್ಕನಿಗೆ ತೋರಿಸಿದಳು.

ಲಿಂಗಕ್ಕ ಬಹಳ ಹೊತ್ತು ನೋಡಿದಳು. “ಬಡಸೂದು ಯಾವ ಕೈಲೆ?”

“ಬಲಗೈಲೆ. ಹೊಲಿಯೂದು ಈ ಕೈಲೆ.”

“ಹೂಂ” ಎಂದಳು ಲಿಂಗಕ್ಕ. ಹತ್ತಿಕಾಯಿಯನ್ನು ಮೊದಲಿದ್ದ ಜಾಗಕ್ಕೇ ಅಂಟಿಸಿದಳು. “ಇನ್ನ ಹೊಂಡೂಣು. ಊರಿಗೆ ಹೋಗಿ ಹೇಳಿ ಕಳಸ್ತೀವಿ.”

ಕೊಟ್ರಮ್ಮ ಅವರನ್ನು ಬಾಗಿಲವರೆಗೆ ಕಳಿಸಲು ಏಳಲಿಲ್ಲ. ಮಗಳನ್ನೂ ನೋಡಲಿಲ್ಲ. ಅಂಬೂಬಾಯಿಯನ್ನು ನೋಡುತ್ತಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ. ತಾನು ಕೈ ಜೋಡಿಸಿದ್ದು, ಹೊಟ್ಟೆ ತಣ್ಣಗಿರಲಿ ಎಂದದ್ದು, ರೇಷ್ಮೆಯ ಕಣ ಕೊಟ್ಟದ್ದು, ಎಲ್ಲವನ್ನೂ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿ ಬರುತ್ತಿರುವ ನೋಟ ಅದು. ಅಂಬೂಬಾಯಿ ಬಾಳೆಹಣ್ಣನ್ನು ಅಲ್ಲಿಯೇ ಬಿಟ್ಟು ಹಿತ್ತಲ ಬಾಗಿಲಿನಿಂದ ಮನೆಗೆ ಬಂದಳು.

ಮನೆಯಲ್ಲಿ ಅವಳಿಗೆ ಉಳಿದದ್ದು ಒಂದೇ ಸಮಾಧಾನ: ನಾನು ಹುಡುಗಿಗಾಗಿ ಹೇಳಿದೆ. ಮದ್ದಿಕೇರದವರು ಬೇಡವೆಂದರೆ, ನಾನು ಹೆದರಿದ್ದು ಸುಳ್ಳಲ್ಲ ಎಂದಾಗುತ್ತದೆ. ಬೇಡ ಎನ್ನಲಿ ಎಂದು ತಾನು ಕಾಯುತ್ತಿದ್ದೇನೆ ಎಂಬುದು, ಅಕ್ಕಿ ಆರಿಸುತ್ತಿದ್ದಾಗ ಒಮ್ಮೆ ಹೊಳೆಯಿತು. ಮೊರವನ್ನು ಕೆಳಗಿಟ್ಟಳು. ಗಂಡ ಬಂದು “ಯಾಕ, ದೀಪ ಹಚ್ಚಿಲ್ಲ?” ಎಂದು ಕೇಳುವವರೆಗೂ ಏಳಲಿಲ್ಲ.

ಒಪ್ಪಿಗೆ ಬಂತು. ಹತ್ತಿ ಮಾರ್ಕೆಟ್ಟಿನಲ್ಲಿ ಹುಡುಗನ ತಂದೆ ಸೋಮಶೇಖರಪ್ಪನಿಗೆ ಹೇಳಿದನಂತೆ. ತಮ್ಮ ಮನೆಯಲ್ಲಿ ಫ್ರಿಜ್ ಇಲ್ಲ, ಕಬ್ಬಿಣದ ಟ್ರಂಕಿಗಾದರೂ ಅಂಟಿಸಿಕೊಳ್ಳುತ್ತೇನೆ, ಹತ್ತಿಕಾಯಿ ಒಂದು ತನಗೂ ಬೇಕು ಎಂದು ಲಿಂಗಕ್ಕ ಹೇಳಿಕಳಿಸಿದ್ದಳಂತೆ. ಕಚೇರಿಯಿಂದ ಬಂದ ಗಂಡ ಇದನ್ನು ಸಂತೋಷದ ಸುದ್ದಿಯೆಂದು ಹೇಳಿದ. ಅಂಬೂಬಾಯಿ “ಭಾಳ ಛಲೋ ಆತು” ಎಂದಳು. ಹುಡುಗಿಯನ್ನು ಕಾಪಾಡುವ ಅಗತ್ಯವೇ ಇರಲಿಲ್ಲ. ಹಾಗಾದರೆ ಅಂದು ತಾನು ಕಾಪಾಡಿದ್ದು ಯಾರನ್ನು ಎಂದು ಕೇಳಲು ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಲಗ್ನಕ್ಕೆ ಕರೆಯಲು ಕೊಟ್ರಮ್ಮನೇ ಬಂದಳು. ಬೈಯುತ್ತಾಳೆ ಎಂದು ಅಂಬೂಬಾಯಿ ಕಾದಳು. ಬೈದಿದ್ದರೆ ತಾನೂ ಬಾಯಿ ತೆರೆಯಬಹುದಿತ್ತು. ಕೊಟ್ರಮ್ಮ ಅಕ್ಷತೆ ಕೊಟ್ಟಳು, ಕುಂಕುಮ ಹಚ್ಚಿದಳು, “ನಿಮ್ಮ ರಾಯರನ್ನ ಕರಕೊಂಡು ಬರ್ರಿ” ಎಂದಳು. ಬಿಸಿಲನ್ನು ಮಾತ್ರ ಬೈಯಲಿಲ್ಲ, ಕಂಬಕ್ಕೊರಗಿ ಕೂರಲಿಲ್ಲ. ಹೊಸ್ತಿಲು ದಾಟುವಾಗ ಸೊಂಟದ ಚೀಲದಿಂದ ಕಾಗದದ ಪೊಟ್ಟಣ ತೆಗೆದಳು.

“ಹುಡುಗಿ ಕೊಟ್ಟಾಳ, ಲಿಂಗಕ್ಕಗ ಕಳಸೂದು. ಹೊಲಿಗಿ ಮುಗಿಸ್ಯಾಳ.” ಅಷ್ಟು ಹೇಳಿ ಒಂದು ಕ್ಷಣ ತಡೆದಳು. “ಅಂಟಿಸೂ ಕೆಲಸ ಅಕ್ಕಾರದಂತ. ಅವರ ಮಾಡ್ಲಿ ಅಂದ್ಳು.”

ಅಂಬೂಬಾಯಿ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮಧ್ಯಾಹ್ನ ಹುಡುಗಿಯರು ಬರುವ ಮುಂಚೆ ಕಪ್ಪು ಪಟ್ಟಿ, ರಟ್ಟು, ಸಲೂಷನ್ನಿನ ಟ್ಯೂಬು ಇಟ್ಟುಕೊಂಡು ಕುಳಿತಳು. ಹತ್ತಿಕಾಯಿಯನ್ನು ಕವುಚಿ ಹಾಕಿದಳು. ಹಿಂಬದಿ ಮುಂಬದಿಯಷ್ಟೇ ಚೊಕ್ಕಟವಾಗಿತ್ತು. ಅವಳ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಿತು, ಎಲ್ಲೂ ಗಂಟಿಲ್ಲ. ಒಮ್ಮೆ ಅಂಟಿಸಿದರೆ ಇದನ್ನು ಯಾರೂ ನೋಡಲಾರರು. ಟ್ಯೂಬಿನ ಮುಚ್ಚಳ ತೆಗೆದಳು. ಸಲೂಷನ್ನಿನ ಘಾಟು ಪಡಸಾಲೆ ತುಂಬಿತು. ಅವಳು ಹಚ್ಚದೆ ಹಾಗೆಯೇ ಕುಳಿತಿದ್ದಳು.

ಹುಡುಗಿಯರು ಬಂದರು. ಹೊಸದಾಗಿ ಸೇರಿದ್ದ ಒಬ್ಬಳು ಬಗ್ಗಿ ತುಣುಕನ್ನು ತಿರುವಿ ನೋಡಿ ಕಣ್ಣರಳಿಸಿದಳು.

“ಎಷ್ಟು ಛಂದ ಐತಿ! ನೀವು ಹಾಕಿದ್ದೇನ್ರಿ ಅಕ್ಕಾರ?”

ನಗು ತಾನಾಗಿಯೇ ತುಟಿಗೆ ಬಂದಿತ್ತು, ಹೌದೂ ಅಲ್ಲದ, ಅಲ್ಲವೂ ಅಲ್ಲದ ಹಳೆಯ ನಗು. ಅಂಬೂಬಾಯಿ ಅದನ್ನು ಅಲ್ಲಿಯೇ ಹಿಡಿದಳು.

“ಅಲ್ಲ.”

“ಮತ್ತ ಯಾರ್ರಿ?”

“ಸರ್ವಮಂಗಳ. ಎಡಗೈಲೆ. ಫ್ರಿಜ್ಜಿನ ಮ್ಯಾಲಿನವೆಲ್ಲಾ ಆಕೀವ.”

ದನಿ ಎಷ್ಟು ಸಣ್ಣಗೆ ಬಂದಿತ್ತೆಂದರೆ, ಹುಡುಗಿ ಕಿವಿಯನ್ನು ಹತ್ತಿರ ತಂದಳು.

“ಏನಂದ್ರಿ ಅಕ್ಕಾರ? ಕೇಳಿಸಲಿಲ್ಲ.”

ಉಳಿದವರೂ ಸೂಜಿ ನಿಲ್ಲಿಸಿ ತಲೆ ಎತ್ತಿದ್ದರು. ಅಂಬೂಬಾಯಿ ಮತ್ತೊಮ್ಮೆ ಹೇಳಬೇಕಾಯಿತು.